ಮ್ಯಾಂಚೆಸ್ಟರಿನ ಮನವಿಪತ್ರಗಳು

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದ ಜೊತೆ ಮದರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿಯ ಕನ್ನಡಿಗರು ಆಮೇಲೆ ತೊಂಬತ್ತು ವರ್ಷಕ್ಕೂ ಮಿಕ್ಕಿ, 1956ರ ತನಕ, ಎರಡು ಬೇರೆ ಬೇರೆ ಸರ್ಕಾರಗಳಿಗೆ ಅರ್ಜಿ ಗುಜರಾಯಿಸುತ್ತ ಬದುಕಿದರು. ಈ ವರ್ಗಾವಣೆಯ ಹಿಂದಿದ್ದ ದೊಡ್ಡ ಒತ್ತಡ ಕಾರವಾರದಲ್ಲೋ ಶಿರಸಿಯಲ್ಲೋ ಹುಟ್ಟಿದ್ದಲ್ಲ. ಅದು ಇಂಗ್ಲೆಂಡಿನ ವಾಯವ್ಯದ ಲ್ಯಾಂಕಶೈರ್ ಸೀಮೆಯ ಹತ್ತಿ ಗಿರಣಿಗಳಿಂದ ಬಂತು. ಧಾರವಾಡದ ಹತ್ತಿ ಘಟ್ಟ ಇಳಿದು ಕಾರವಾರದ ಬಳಿ ಹಡಗು ಹತ್ತಬೇಕು; ಹತ್ತಿ ಬೆಳೆಯುವ ಜಿಲ್ಲೆ ಮುಂಬಯಿಯದು, ಬಂದರಿರುವ ಜಿಲ್ಲೆ ಮದರಾಸಿನದು ಎಂದಾದರೆ ನಡುವಿನ ರಸ್ತೆ ಯಾರ ಕೈಯಲ್ಲೂ ಮುಗಿಯುವುದಿಲ್ಲ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಆದರೆ ಏಳು ಸಮುದ್ರದಾಚೆಯ ವರ್ತಕರ ಕೂಟವೊಂದು ನಮ್ಮ ಜಿಲ್ಲೆಯ ಗಡಿಯನ್ನು ಸರಿಸುವಷ್ಟು ಬಲ ಪಡೆದದ್ದು ಹೇಗೆ, ಗಡಿ ಸರಿಸಿಯೂ ಅದು ತನಗೆ ಬೇಕಾದ್ದನ್ನು ಪಡೆಯದೆ ಹೋದದ್ದು ಏಕೆ ಎಂಬ ಎರಡು ಪ್ರಶ್ನೆಗಳನ್ನು ಇವತ್ತು ಒಟ್ಟಿಗೆ ಇಟ್ಟು ನೋಡಬೇಕೆಂದಿದ್ದೇನೆ.

ವ್ಯಾಪಾರಸ್ಥರು, ಕಾರ್ಖಾನೆದಾರರು ಸಂಘ ಕಟ್ಟಿಕೊಂಡು ಸರ್ಕಾರದ ಬಾಗಿಲು ಬಡಿಯುವುದು ನಮಗೆ ಹೊಸದಲ್ಲ. ಬಜೆಟ್ಟಿನ ಮುಂಚೆ ನಿಯೋಗ, ತೆರಿಗೆ ಏರಿದಾಗ ಪತ್ರಿಕಾಗೋಷ್ಠಿ, ಕಾಯಿದೆ ಬಂದಾಗ ಮನವಿ. ಇದನ್ನು ಕಂಡವರಲ್ಲಿ ಹೆಚ್ಚಿನವರು ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ: ದುಡ್ಡಿದ್ದವರ ಮಾತು ನಡೆಯುತ್ತದೆ, ಅಷ್ಟೆ. ಈ ಮಾತು ಅರ್ಧ ನಿಜ. ದುಡ್ಡಿದ್ದವರ ಮಾತು ಎಷ್ಟೋ ಸಲ ನಡೆಯುವುದಿಲ್ಲ. ಅದೇ ಜನ, ಅದೇ ಸಂಘ, ಅದೇ ಮಂತ್ರಿಯ ಮುಂದೆ ಒಂದು ವಿಷಯದಲ್ಲಿ ಗೆದ್ದು ಇನ್ನೊಂದರಲ್ಲಿ ಬರಿಗೈಲಿ ಬರುತ್ತಾರೆ. ನನಗೆ ತೋರುವುದು ಇದು: ಇಂಥ ಪ್ರಾದೇಶಿಕ ಕೂಟಗಳ ಗೆಲುವು ಸೋಲು ನಿಂತಿರುವುದು ಅವರ ಹಣದ ಮೇಲಲ್ಲ, ಬೇಡಿಕೆಯ ಬಗೆಯ ಮೇಲೆ. ‘ಇದು ಬೇಡ, ತೆಗೆಯಿರಿ’ ಎಂದು ಕೇಳುವಾಗ ಅವು ಒಗ್ಗಟ್ಟಾಗಿರುತ್ತವೆ, ಗೆಲ್ಲುತ್ತವೆ. ‘ಇದು ಬೇಕು, ಕಟ್ಟಿಕೊಡಿ’ ಎಂದು ಕೇಳಹೊರಟಾಗ ಒಳಗಿನಿಂದಲೇ ಸಡಿಲವಾಗುತ್ತವೆ. ಲ್ಯಾಂಕಶೈರಿನ ಹತ್ತೊಂಬತ್ತನೆಯ ಶತಮಾನ ಇದಕ್ಕೆ ದೊಡ್ಡ ಸಾಕ್ಷಿ. ಅದರಲ್ಲಿ ನಮ್ಮ ಹಿರಿಯರ ಹೊಲವೂ ಮಗ್ಗವೂ ಇದ್ದುದರಿಂದ ಆ ಕತೆ ನಮಗೆ ಪರಕೀಯವೂ ಅಲ್ಲ.

ಮೊದಲು ಈ ಕೂಟದ ಕಟ್ಟೋಣ ನೋಡೋಣ. ಮ್ಯಾಂಚೆಸ್ಟರಿನ ವರ್ತಕರು 1794ರಲ್ಲೇ ಒಂದು ಸಂಘ ಮಾಡಿಕೊಂಡಿದ್ದರು. ಅದು ಸೊರಗಿ ಹೋಗಿ, 1820ರಲ್ಲಿ ಚೇಂಬರ್ ಆಫ್ ಕಾಮರ್ಸ್ ಆಗಿ ಮತ್ತೆ ತಲೆ ಎತ್ತಿತು. ಸುತ್ತಲಿನ ಬ್ಲ್ಯಾಕ್‌ಬರ್ನ್, ಓಲ್ಡ್‌ಹ್ಯಾಂ, ಬೋಲ್ಟನ್, ಪ್ರೆಸ್ಟನ್ ಊರುಗಳಲ್ಲಿ ಕ್ರಮೇಣ ಅವರವರದೇ ಸಂಘಗಳಾದವು, ಏಕೆಂದರೆ ಅವರವರ ಹಿತ ಬೇರೆ ಬೇರೆ. ಓಲ್ಡ್‌ಹ್ಯಾಂ ನೂಲು ತೆಗೆಯುವ ಊರು. ಬ್ಲ್ಯಾಕ್‌ಬರ್ನ್ ನೇಯುವ ಊರು, ನಮ್ಮ ಸಂತೆಗಳಿಗೆ ಬರುತ್ತಿದ್ದ ಸೀಮೆಯ ಧೋತರಗಳ ತವರು. ಬೋಲ್ಟನ್ನಿನ ಸಣ್ಣ ನೂಲಿಗೆ ಭಾರತ ಅಷ್ಟು ದೊಡ್ಡ ಗಿರಾಕಿಯಲ್ಲ. ಇಷ್ಟು ಬಗೆಯ ಜನರನ್ನು ಒಂದು ದನಿಗೆ ತರುವ ವಿದ್ಯೆಯನ್ನು ಅವರು ಕಲಿತದ್ದು ಧಾನ್ಯದ ಕಾಯಿದೆಗಳ ವಿರುದ್ಧದ ಚಳವಳಿಯಲ್ಲಿ. ಹೊರಗಿನ ಗೋಧಿಗೆ ಸುಂಕ ಹಾಕಿ ಜಮೀನ್ದಾರರನ್ನು ಕಾಯುತ್ತಿದ್ದ ಆ ಕಾಯಿದೆಗಳ ವಿರುದ್ಧ 1838ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಂಘ ಹುಟ್ಟಿತು. ಮರುವರ್ಷ ಅದು ರಾಷ್ಟ್ರಮಟ್ಟದ ಲೀಗ್ ಆಯಿತು. 1846ರಲ್ಲಿ ಕಾಯಿದೆಗಳು ರದ್ದಾದವು. ಲೀಗಿನ ನಾಯಕ ರಿಚರ್ಡ್ ಕಾಬ್ಡನ್ ಮಾಡಿದ ಜಾಣತನವೆಂದರೆ ಆ ಒಂದೇ ಬೇಡಿಕೆಯ ಜೊತೆ ಇನ್ನೇನನ್ನೂ ಕಟ್ಟದಿದ್ದುದು. ಮತದಾನದ ಹಕ್ಕು ಯಾರಿಗಿರಬೇಕು, ಗಿರಣಿಯಲ್ಲಿ ದಿನಕ್ಕೆ ಎಷ್ಟು ತಾಸು ದುಡಿಸಬೇಕು ಎಂಬಂಥ, ಸದಸ್ಯರನ್ನು ಒಡೆಯಬಲ್ಲ ಪ್ರಶ್ನೆಗಳನ್ನು ವೇದಿಕೆಯ ಹತ್ತಿರ ಬಿಡಲಿಲ್ಲ. 1840ರಲ್ಲಿ ಬಂದ ಒಂದು ಪೆನ್ನಿಯ ಅಂಚೆಯನ್ನು ಹಿಡಿದು ಮನೆಮನೆಗೆ ಕರಪತ್ರ ಕಳಿಸಿದರು. ಮತದಾರರ ಪಟ್ಟಿಯನ್ನು ಸಾಲುಸಾಲಾಗಿ ಪರಿಶೀಲಿಸಿ ತಮ್ಮವರ ಹೆಸರು ಸೇರಿಸಿದರು, ಎದುರಾಳಿಗಳ ಹೆಸರಿಗೆ ಆಕ್ಷೇಪ ಹಾಕಿದರು. ಕಾಯಿದೆ ಹೋದದ್ದರಿಂದ ಬಡವನ ರೊಟ್ಟಿ ಅಗ್ಗವಾಗುವ ದಾರಿಯೂ ತೆರೆಯಿತು. ಆದ್ದರಿಂದ ‘ಬೇಡ’ ಎನ್ನುವ ಒಗ್ಗಟ್ಟೆಲ್ಲ ಸ್ವಾರ್ಥದ ಕೂಗು ಎಂದು ನಾನು ಹೇಳುತ್ತಿಲ್ಲ. ಅದು ಕಟ್ಟಲು ಸುಲಭ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಕಾರವಾರಕ್ಕೆ ಬರೋಣ. ಲ್ಯಾಂಕಶೈರಿಗೆ ಬರುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರ ಬೆವರಿನದ್ದು. ಒಂದೇ ಕಡೆಗೆ ಇಷ್ಟು ಜೋತುಬೀಳುವುದು ಅಪಾಯ ಎಂದು ಬಲ್ಲವರು ಎಚ್ಚರಿಸುತ್ತಲೇ ಇದ್ದರು. 1857ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹತ್ತಿ ಸರಬರಾಜು ಸಂಘವೊಂದು ಹುಟ್ಟಿತು. ಜಗತ್ತಿನ ಮೂಲೆ ಮೂಲೆಗೆ ಬೀಜ ಹಂಚುವುದು, ಬೇರೆ ನೆಲೆಗಳನ್ನು ಹುಡುಕುವುದು ಅದರ ಕೆಲಸ. ಧಾರವಾಡ ಅವರ ಕಣ್ಣಿಗೆ ಬಿದ್ದದ್ದು ಸಹಜ. 1840ರ ದಶಕದಿಂದ ಅಲ್ಲಿನ ಕಲೆಕ್ಟರ್ ಶಾ ಮುಂತಾದವರ ಪ್ರಯತ್ನದಿಂದ ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿ ಆ ಕರಿಮಣ್ಣಿಗೆ ಒಗ್ಗಿತ್ತು. ಭಾರತದ ಬೇರೆಲ್ಲ ಕಡೆ ಸೋತ ಅಮೆರಿಕದ ಬೀಜ ಹೆಚ್ಚುಕಡಿಮೆ ಅಲ್ಲೊಂದೇ ಕಡೆ ನೆಲೆ ನಿಂತಿತ್ತು. ಧಾರವಾಡ-ಅಮೆರಿಕನ್ ಎಂದೇ ಅದಕ್ಕೆ ಪೇಟೆಯಲ್ಲಿ ಹೆಸರು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸ್ಥಾಪನೆಯಾಯಿತು. ಸರ್ಕಾರ ಘಟ್ಟದಲ್ಲಿ ರಸ್ತೆ ಮಾಡಿಕೊಡಬೇಕು, ಬಂದರು ಸಜ್ಜು ಮಾಡಬೇಕು, ಕಂಪನಿ ಹತ್ತಿ ಕೊಂಡು ಒತ್ತಿ ಅಂಡಿಗೆ ಕಟ್ಟಿ ನೇರ ಲಿವರ್‌ಪೂಲಿಗೆ ಕಳಿಸುತ್ತದೆ ಎಂಬುದು ಲೆಕ್ಕಾಚಾರ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು, ಹತ್ತಿ ನಿಂತಿತು. ಕಂಪನಿಯ ಕಾರ್ಯದರ್ಶಿ ಹೇವುಡ್ ಇಂಗ್ಲೆಂಡಿನಿಂದ ಬಂದ. ಹತ್ತಿ ಒತ್ತುವ ಯಂತ್ರಗಳು ಹಡಗಿನಲ್ಲಿ ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡಕ್ಕೆ ಬಂದಿಳಿದವು. ಇಳಿಸಲು ಧಕ್ಕೆ ಇರಲಿಲ್ಲ, ಮುಂದೆ ಸಾಗಿಸಲು ರಸ್ತೆ ಮುಗಿದಿರಲಿಲ್ಲ. ಮದರಾಸಿನ ಇಂಜಿನಿಯರುಗಳ ಮೇಲೆ ದೂರು ಹೋಯಿತು, ಚೇಂಬರಿನಿಂದ ಲಂಡನ್ನಿಗೆ ಸಿಟ್ಟಿನ ಪತ್ರಗಳು ಹೋದವು, ಜಿಲ್ಲೆಯೇ ಕೈಬದಲಾಯಿತು. ಆದರೆ ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಯುದ್ಧ ಮುಗಿದು ಅಮೆರಿಕದ ಹತ್ತಿ ಹಿಂತಿರುಗುತ್ತಿದ್ದಂತೆ ಕಾರವಾರದ ಹೆಸರು ಲ್ಯಾಂಕಶೈರಿನ ಸಭೆಗಳಿಂದ ಮಾಯವಾಯಿತು. ಧಾರವಾಡದ ಹತ್ತಿ ಕೊನೆಗೆ ರೈಲು ಹತ್ತಿ ಇಳಿದದ್ದು ಪೋರ್ಚುಗೀಸರ ಮರ್ಮಗೋವಾದಲ್ಲಿ. ಆ ಮಾರ್ಗ 1880ರ ದಶಕದ ಕೊನೆಗೆ ತೆರೆಯಿತು.

ಇಲ್ಲಿ ಸೋತದ್ದು ಸರ್ಕಾರವೇ, ಮದರಾಸಿನ ಮಂದಗತಿಯೇ ಎಂದು ಮ್ಯಾಂಚೆಸ್ಟರ್ ಹೇಳುತ್ತಿತ್ತು. ಆಗ ಭಾರತ ಮಂತ್ರಿಯಾಗಿದ್ದ ಸರ್ ಚಾರ್ಲ್ಸ್ ವುಡ್ ಬೇರೆ ಮಾತು ಹೇಳುತ್ತಿದ್ದ: ನಿಮ್ಮ ಗುಮಾಸ್ತರನ್ನು ಕಳಿಸಿ, ಒಳ್ಳೆಯ ಬೆಲೆ ಕೊಡಿ, ರೈತ ಬೆಳೆಯುತ್ತಾನೆ ಎಂಬುದು ಅವನ ಮಾತಿನ ಸಾರ. ಸರ್ಕಾರ ವ್ಯಾಪಾರದಲ್ಲಿ ಕೈ ಹಾಕಕೂಡದು ಎಂದು ಜಗತ್ತಿಗೆಲ್ಲ ಉಪದೇಶ ಮಾಡಿದ ಊರು ಈಗ ರಸ್ತೆ ಕಟ್ಟಿಕೊಡಿ, ಕಾಲುವೆ ತೋಡಿಕೊಡಿ ಎಂದು ಕೇಳುತ್ತಿತ್ತು. ಮುಂಗಡ ಪಡೆದು ಕರಾರು ಮುರಿದ ರೈತನಿಗೆ ಕ್ರಿಮಿನಲ್ ಶಿಕ್ಷೆ ಕೊಡುವ ಕಾಯಿದೆ ಮಾಡಿ ಎಂದೂ ಕೇಳಿತು. ವುಡ್ ಅದಕ್ಕೆ ಒಪ್ಪಲಿಲ್ಲ ಎಂಬುದು ನಮ್ಮ ರೈತರ ಪುಣ್ಯ. ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಗಿರಣಿ ಮಾಲೀಕರ ಜೇಬಿನ ವಿಷಯ. ಕಂಪನಿಯ ಷೇರು ಕೊಳ್ಳಿ ಎಂದಾಗ ಲ್ಯಾಂಕಶೈರಿನ ಶ್ರೀಮಂತರು ಮುಂದೆ ಬರಲೇ ಇಲ್ಲ; ಅಂದುಕೊಂಡ ಬಂಡವಾಳದ ಸಣ್ಣದೊಂದು ಭಾಗ ಮಾತ್ರ ಕೂಡಿತು. ಅವರ ಕಡೆಯಿಂದ ನೋಡಿದರೆ ಇದರಲ್ಲಿ ಮೂರ್ಖತನವಿಲ್ಲ. ರಸ್ತೆ ಆಗಿ ಧಾರವಾಡದ ಹತ್ತಿ ಬಂದರೆ ಅದು ಷೇರು ಕೊಂಡವನಿಗೂ ಸಿಗುತ್ತದೆ, ಕೊಳ್ಳದವನಿಗೂ ಸಿಗುತ್ತದೆ. ಮತ್ತೆ ನಾನೇಕೆ ಕೈ ಸುಟ್ಟುಕೊಳ್ಳಲಿ? ಯುದ್ಧ ನಾಳೆ ನಿಂತರೆ ಬೆಲೆ ಕುಸಿದು ಹಾಕಿದ ಹಣ ಮುಳುಗುತ್ತದೆ. ಅಮೆರಿಕದ ಉದ್ದ ಎಳೆಗೆ ಹೊಂದಿಸಿದ ಯಂತ್ರಗಳನ್ನು ನಮ್ಮ ಗಿಡ್ಡ ಎಳೆಗೆ ಬದಲಿಸಿಕೊಳ್ಳುವ ಖರ್ಚು ಬೇರೆ. ಮ್ಯಾಂಕರ್ ಓಲ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1965ರಲ್ಲಿ ಪುಸ್ತಕ ಬರೆದು ವಿವರಿಸಿದ ಸಾಮೂಹಿಕ ಹಿತದ ಒಗಟು ಇದೇ. ಎಲ್ಲರಿಗೂ ಸಿಗುವ ಫಲಕ್ಕೆ ಯಾರೂ ತಾವಾಗಿ ದುಡ್ಡು ಹಾಕುವುದಿಲ್ಲ. ಸಭೆಯಲ್ಲಿ ಕೈ ಎತ್ತುವುದು ಬೇರೆ, ಚೆಕ್ಕಿಗೆ ರುಜು ಹಾಕುವುದು ಬೇರೆ.

ಹತ್ತು ವರ್ಷ ಕಳೆದ ಮೇಲೆ ಅದೇ ಚೇಂಬರು ಭಾರತ ಮಂತ್ರಿಯ ಅದೇ ಇಲಾಖೆಯ, ಎಂದರೆ ಇಂಡಿಯಾ ಆಫೀಸಿನ, ಮುಂದೆ ಇನ್ನೊಂದು ಬೇಡಿಕೆ ಇಟ್ಟಿತು. ಭಾರತಕ್ಕೆ ಬರುವ ಬಟ್ಟೆಯ ಮೇಲೆ ನೂರಕ್ಕೆ 5, ನೂಲಿನ ಮೇಲೆ ಮೂರೂವರೆ ಆಮದು ಸುಂಕವಿತ್ತು. ಖಜಾನೆಗೆ ವರಮಾನ ತರಲೆಂದು ಹಾಕಿದ್ದು. ಮುಂಬಯಿಯಲ್ಲಿ ಆಗ ಗಿರಣಿಗಳು ಒಂದೊಂದಾಗಿ ಏಳುತ್ತಿದ್ದವು. 1874ರಲ್ಲಿ ಮ್ಯಾಂಚೆಸ್ಟರ್ ಚೇಂಬರು ಮನವಿ ಸಲ್ಲಿಸಿತು: ಈ ಸುಂಕ ಮುಂಬಯಿಯ ಗಿರಣಿಗಳಿಗೆ ರಕ್ಷಣೆ ಕೊಡುತ್ತಿದೆ, ತೆಗೆಯಿರಿ. ಮನವಿ ಸಾಗುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚೇಂಬರಿನ ಸಮಿತಿ ಕರಡು ಮಾಡುತ್ತದೆ. ಸುತ್ತಲಿನ ಊರುಗಳ ಸಂಘಗಳಿಂದ ಅದೇ ಧಾಟಿಯ ಮನವಿಗಳು ಹೊರಡುತ್ತವೆ. ಸ್ಥಳೀಯ ಪಾರ್ಲಿಮೆಂಟ್ ಸದಸ್ಯರ ಮುಂದಾಳತ್ವದಲ್ಲಿ ನಿಯೋಗವೊಂದು ಇಂಡಿಯಾ ಆಫೀಸಿಗೆ ಹೋಗುತ್ತದೆ. ಮಂತ್ರಿಯ ಉತ್ತರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆ ಉತ್ತರವನ್ನೇ ಹಿಡಿದು ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎತ್ತುತ್ತಾರೆ. ಮನವಿಯ ಭಾಷೆಯೂ ಗಮನಿಸತಕ್ಕದ್ದು. ನಮ್ಮ ಲಾಭ ಕಡಿಮೆಯಾಗುತ್ತಿದೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಭಾರತದ ಬಡ ರೈತ ಬಟ್ಟೆಗೆ ಹೆಚ್ಚು ಬೆಲೆ ತೆರುತ್ತಿದ್ದಾನಲ್ಲ ಎಂಬ ಮರುಕ ಇರುತ್ತದೆ. ವೈಸರಾಯ್ ನಾರ್ತ್‌ಬ್ರೂಕ್ ಬಗ್ಗಲಿಲ್ಲ, 1876ರಲ್ಲಿ ಹೊರಟುಹೋದ. 1877ರಲ್ಲಿ ಕಾಮನ್ಸ್ ಸಭೆ ಈ ಸುಂಕ ಹೋಗತಕ್ಕದ್ದು ಎಂದು ನಿರ್ಣಯ ಮಾಡಿತು. ಅದು ಎಂಥ ವರ್ಷ! ನಮ್ಮಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಬರದ ಖರ್ಚಿನ ಬೆನ್ನಿಗೆ ಆಫ್ಘನ್ ಯುದ್ಧದ ಖರ್ಚು ಬಂದು ಖಜಾನೆ ಬರಿದಾಗಿದ್ದಾಗಲೇ, 1879ರಲ್ಲಿ, ನಾರ್ತ್‌ಬ್ರೂಕನ ನಂತರದ ವೈಸರಾಯ್ ಲಿಟ್ಟನ್ ತನ್ನ ಸ್ವಂತ ಕೌನ್ಸಿಲಿನ ಬಹುಮತವನ್ನು ಬದಿಗೊತ್ತಿ ಒರಟು ಬಟ್ಟೆಯ ಮೇಲಿನ ಸುಂಕ ತೆಗೆದ. 1882ರಲ್ಲಿ ಉಳಿದದ್ದೂ ಹೋಯಿತು.

ಇನ್ನೂ ಬಿಗಿಯಾದ ಒಗ್ಗಟ್ಟು ಕಂಡದ್ದು ಮುಂದಿನ ಸುತ್ತಿನಲ್ಲಿ. ರೂಪಾಯಿಯ ಬೆಲೆ ಇಳಿದು ಭಾರತ ಸರ್ಕಾರ ಹಣದ ಮುಗ್ಗಟ್ಟಿಗೆ ಸಿಕ್ಕಾಗ 1894ರಲ್ಲಿ ಆಮದು ಸುಂಕ ಮತ್ತೆ ಹಾಕಬೇಕಾಯಿತು. ಹತ್ತಿ ಬಟ್ಟೆಯನ್ನು ಮೊದಲು ಹೊರಗಿಟ್ಟರು, ಆ ವರ್ಷದ ಡಿಸೆಂಬರಿನಲ್ಲಿ ಸೇರಿಸಿದರು; ಲ್ಯಾಂಕಶೈರನ್ನು ಸಮಾಧಾನ ಮಾಡಲು ಭಾರತದ ಗಿರಣಿಗಳ 20ನೇ ನಂಬರಿಗೆ ಮೇಲ್ಪಟ್ಟ ನೂಲಿಗೆ ಅಷ್ಟೇ ಅಬಕಾರಿ ಸುಂಕ ಹಾಕಿದರು. ಒಂದು ಪೌಂಡು ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದು ನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ. ನಮ್ಮ ಗಿರಣಿಗಳದ್ದು ಹೆಚ್ಚಾಗಿ 20ರ ಒಳಗಿನ ಒರಟು ನೂಲು, ಅವರದ್ದು ಅದರ ಮೇಲಿನದು. ಹಾಗಿದ್ದರೆ ಪೈಪೋಟಿಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಲ್ಯಾಂಕಶೈರ್ ಹೇಳಿತು: ಸಣ್ಣ ಬಟ್ಟೆ ತುಟ್ಟಿಯಾದರೆ ಜನ ಒರಟು ಬಟ್ಟೆಯನ್ನೇ ಉಡುತ್ತಾರೆ, ಆದ್ದರಿಂದ ಒರಟಿಗೂ ಸುಂಕ ಹಾಕಿ. ಈ ಸಲ ಮಾಲೀಕರ ಜೊತೆ ಕಾರ್ಮಿಕ ಸಂಘಗಳೂ ನಿಂತವು. ಕೂಲಿಯ ವಿಷಯಕ್ಕೆ ತಿಂಗಳುಗಟ್ಟಲೆ ಗಿರಣಿ ನಿಲ್ಲಿಸಿ ಬಡಿದಾಡಿದ್ದ ಎರಡು ಬಣಗಳು ಮುಂಬಯಿಯ ವಿರುದ್ಧ ಒಂದೇ ಬೆಂಚಿನಲ್ಲಿ ಕೂತವು. ಲ್ಯಾಂಕಶೈರಿಗೆ ಕಾಮನ್ಸಿನಲ್ಲಿ ಐವತ್ತಕ್ಕೂ ಹೆಚ್ಚು ಸ್ಥಾನಗಳಿದ್ದವು. 1895ರ ಚುನಾವಣೆಯಲ್ಲಿ ಈ ಸುಂಕ ಅಲ್ಲಿನ ಸಭೆಗಳಲ್ಲಿ ಒಂದು ಮುಖ್ಯ ಮಾತಾಯಿತು. ಹೊಸ ಸರ್ಕಾರದ ಭಾರತ ಮಂತ್ರಿ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್. 1896ರಲ್ಲಿ ಬಟ್ಟೆಯ ಆಮದು ಸುಂಕ ಮೂರೂವರೆಗೆ ಇಳಿಯಿತು, ಭಾರತದ ಗಿರಣಿಯಲ್ಲಿ ನೇಯ್ದ ಪ್ರತಿಯೊಂದು ಬಟ್ಟೆಗೂ ಅಷ್ಟೇ ಅಬಕಾರಿ ಬಂತು, ನೂಲಿಗೆ ಎರಡೂ ಕಡೆ ಮಾಫಿ. ಲ್ಯಾಂಕಶೈರ್ ನೇಯದಿದ್ದ ಒರಟು ಬಟ್ಟೆಯ ಮೇಲೆ ನಮ್ಮವನೇ ತೆರಿಗೆ ತೆರುವಂತಾಯಿತು. ಕೈಮಗ್ಗವನ್ನು ಬಿಟ್ಟರು, ಅಷ್ಟೇ ಸಮಾಧಾನ.

ಇಷ್ಟು ಕೇಳಿದವರು ಒಂದು ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು: ಇದು ಸಾಮ್ರಾಜ್ಯದ ದಬ್ಬಾಳಿಕೆಯ ಕತೆ, ಸಂಘಟನೆಯ ಚಾತುರ್ಯಕ್ಕೂ ಬೇಡಿಕೆಯ ಬಗೆಗೂ ಇಲ್ಲೇನು ಕೆಲಸ? ಆಳುವ ದೇಶದ ವರ್ತಕರು ಕೇಳಿದರು, ಆಳಿಸಿಕೊಳ್ಳುವ ದೇಶ ತೆತ್ತಿತು. ಇದರಲ್ಲಿ ಸತ್ಯವಿದೆ. ಆದರೆ ಕಾರವಾರದ ಕಾಲಕ್ಕೂ ಅದೇ ಸಾಮ್ರಾಜ್ಯ ಇತ್ತು, ಅದೇ ಚೇಂಬರು, ಅದೇ ಇಂಡಿಯಾ ಆಫೀಸು. ಆಗ ಬರೀ ದಬ್ಬಾಳಿಕೆಯಿಂದ ರಸ್ತೆ ಏಳಲಿಲ್ಲ. 1917ಕ್ಕೆ ಬನ್ನಿ, ಇನ್ನೂ ಸ್ಪಷ್ಟವಾಗುತ್ತದೆ. ಮೊದಲ ಮಹಾಯುದ್ಧದ ಖರ್ಚಿಗೆ ಭಾರತ 10 ಕೋಟಿ ಪೌಂಡುಗಳ ಹೊಣೆ ಹೊತ್ತಿತು; ಬದಲಿಗೆ ಬಟ್ಟೆಯ ಆಮದು ಸುಂಕವನ್ನು ಏಳೂವರೆಗೆ ಏರಿಸಲು ಅನುಮತಿ ಸಿಕ್ಕಿತು, ಅಬಕಾರಿ ಮೂರೂವರೆಯಲ್ಲೇ ಉಳಿಯಿತು. ಲ್ಯಾಂಕಶೈರ್ ಹಿಂದಿನಂತೆಯೇ ನಿಯೋಗ ಕಟ್ಟಿಕೊಂಡು ಆಗಿನ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನನ ಬಳಿಗೆ ಹೋಯಿತು, ಪಾರ್ಲಿಮೆಂಟಿನಲ್ಲಿ ಗದ್ದಲ ಎಬ್ಬಿಸಿತು, ಸೋತಿತು. 1921ರಲ್ಲಿ ಸುಂಕ 11ಕ್ಕೆ ಏರಿತು. ಮತ್ತೆ ನಿಯೋಗ ಹೋಯಿತು. ಸುಂಕದ ವಿಷಯದಲ್ಲಿ ಈಗ ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟಾಗಿದೆ ಎಂದು ಆಗಿನ ಭಾರತ ಮಂತ್ರಿ ಮಾಂಟೆಗೂ ವಾಪಸು ಕಳಿಸಿದ. ಅಬಕಾರಿಯನ್ನು 1925ರ ಡಿಸೆಂಬರಿನಲ್ಲಿ ನಿಲ್ಲಿಸಿ ಮುಂದಿನ ವರ್ಷ ರದ್ದು ಮಾಡಿದರು. ಲ್ಯಾಂಕಶೈರಿನ ಸಂಘಟನೆ ಅಷ್ಟರಲ್ಲಿ ದುರ್ಬಲವಾಗಿತ್ತೇ? ಇಲ್ಲ. 1913ರಲ್ಲಿ ಅದು ಹೊರದೇಶಗಳಿಗೆ ಕಳಿಸಿದ ಸುಮಾರು 700 ಕೋಟಿ ಗಜ ಬಟ್ಟೆಯಲ್ಲಿ ಸುಮಾರು 300 ಕೋಟಿ ಗಜ ಭಾರತಕ್ಕೇ ಬಂದಿತ್ತು. ಪಣಕ್ಕಿಟ್ಟದ್ದು ಹಿಂದೆಂದಿಗಿಂತ ಹೆಚ್ಚೇ ಇತ್ತು. ಬದಲಾದದ್ದು ಎದುರಿನ ಕುರ್ಚಿ. ಅದು ಮೊದಲು ಖಾಲಿಯಿತ್ತು, ಈಗ ಅಲ್ಲೊಬ್ಬ ಕೂತಿದ್ದ. ಮುಂಬಯಿಯ ಗಿರಣಿ ಮಾಲೀಕರ ಸಂಘ 1875ರಿಂದಲೇ ಇದ್ದರೂ ಅದರ ಮಾತಿಗೆ ಬೆಲೆ ಬಂದದ್ದು ಸ್ವದೇಶಿ ಚಳವಳಿ, ಶಾಸನಸಭೆ, ಯುದ್ಧದ ಸಾಲ ಎಲ್ಲ ಕೂಡಿದ ಮೇಲೆ. ‘ಬೇಡ’ ಎನ್ನುವ ಕೂಟ ಗೆಲ್ಲುವುದಕ್ಕೆ ಹೀಗೆ ಇನ್ನೊಂದು ಷರತ್ತೂ ಇದೆ: ಆ ಬೇಡದ ಬೆಲೆ ತೆರುವವನು ಕೋಣೆಯಲ್ಲಿ ಇರಬಾರದು.

ಕೊನೆಗೆ 1933ರಲ್ಲಿ ಲ್ಯಾಂಕಶೈರ್ ಮಂತ್ರಿಗಳನ್ನು ಬಿಟ್ಟು ನೇರ ಮುಂಬಯಿಗೇ ಬಂದು ಮಾತಿಗೆ ಕೂತಿತು. ಮುಂಬಯಿ ಸಂಘದ ಹೋಮಿ ಮೋದಿ, ಆ ಕಡೆಯ ಕ್ಲೇರ್ ಲೀಸ್ ಸೇರಿ ಒಪ್ಪಂದ ಮಾಡಿದರು. ಅವರಿಗೆ ಸುಂಕದಲ್ಲಿ ಸ್ವಲ್ಪ ರಿಯಾಯಿತಿ, ನಮಗೆ ಭಾರತದ ಹತ್ತಿಯನ್ನು ಹೆಚ್ಚು ಬಳಸುವ ಭರವಸೆ. ಕೂಡಲೇ ಒಡೆದದ್ದು ಭಾರತದ ಉದ್ಯಮಿಗಳ ಒಗ್ಗಟ್ಟು. ಮ್ಯಾಂಚೆಸ್ಟರಿನ ಸುಂಕ ನೀತಿ ಬೇಡ ಎನ್ನುವಾಗ ಮುಂಬಯಿ, ಅಹಮದಾಬಾದು ಎರಡೂ ಒಂದಾಗಿದ್ದವು. ಏನನ್ನು ಕೊಟ್ಟು ಏನನ್ನು ಪಡೆಯಬೇಕು ಎಂಬ ಪ್ರಶ್ನೆ ಬಂದಾಗ ಅಹಮದಾಬಾದಿನವರು ದೂರ ನಿಂತರು. ವರ್ತಕರ ಕೂಟದ ಈ ಗುಣ ಬಿಳಿಯರಿಗೆ ಮಾತ್ರ ಸೇರಿದ್ದಲ್ಲ.

ನನ್ನ ವಾದಕ್ಕೆ ಇನ್ನೂ ಗಟ್ಟಿಯಾದ ಆಕ್ಷೇಪ ಮ್ಯಾಂಚೆಸ್ಟರಿನಿಂದಲೇ ಬರುತ್ತದೆ. 1894ರಲ್ಲಿ ಅಲ್ಲಿ ಹಡಗು ಕಾಲುವೆಯೊಂದು ತೆರೆಯಿತು. 36 ಮೈಲಿ ಉದ್ದ, ಸುಮಾರು ಒಂದೂವರೆ ಕೋಟಿ ಪೌಂಡು ಖರ್ಚು. ಸಮುದ್ರದ ಹಡಗು ಲಿವರ್‌ಪೂಲನ್ನು ದಾಟಿ ನೇರ ಮ್ಯಾಂಚೆಸ್ಟರಿಗೆ ಬರತೊಡಗಿತು. 1882ರಲ್ಲಿ ಡೇನಿಯಲ್ ಆಡಮ್ಸನ್ ಎಂಬ ಇಂಜಿನಿಯರಿನ ಮನೆಯಲ್ಲಿ ಸುತ್ತಲಿನ ಊರುಗಳ ಉದ್ಯಮಿಗಳು, ಪುರಸಭೆಗಳವರು ಸೇರಿದ ಸಭೆಯಿಂದ ಹೊರಟ ಕೆಲಸ ಅದು. ಲಿವರ್‌ಪೂಲಿನವರೂ ರೈಲ್ವೆ ಕಂಪನಿಗಳೂ ಅಡ್ಡಗಾಲು ಹಾಕಿದರೂ ಮೂರನೆಯ ಪ್ರಯತ್ನದಲ್ಲಿ, 1885ರಲ್ಲಿ, ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿತು. ‘ಬೇಕು’ ಎಂದು ಕೇಳಿದ ಕೂಟ ಕಟ್ಟಿಯೇ ತೋರಿಸಿತಲ್ಲ! ಹೌದು. ಆದರೆ ಹೇಗೆ ಕಟ್ಟಿತು ನೋಡಿ. ನಡುದಾರಿಯಲ್ಲಿ ಹಣ ಮುಗಿಯಿತು. ಮ್ಯಾಂಚೆಸ್ಟರ್ ನಗರಪಾಲಿಕೆ 50 ಲಕ್ಷ ಪೌಂಡು ಸಾಲ ಕೊಟ್ಟು ಉಳಿಸಿತು. ಬದಲಿಗೆ ನಿರ್ದೇಶಕ ಮಂಡಳಿಯಲ್ಲಿ ಬಹುಮತ ಕೇಳಿ ಪಡೆಯಿತು. ಮನೆ ಬಾಗಿಲಿನ ಕೆಲಸ, ದಿನವೂ ಕಣ್ಣಿಗೆ ಕಾಣುವಂಥದ್ದು. ಅದರ ಮೇಲೆ ಸಾರ್ವಜನಿಕ ಹಣ, ಹಣದ ಹಿಂದೆಯೇ ಸಾರ್ವಜನಿಕ ಹಿಡಿತ. ಸದಾಶಿವಗಡದಲ್ಲಿ ಈ ಯಾವುದೂ ಇರಲಿಲ್ಲ. ಖರ್ಚು ಭಾರತದ ಖಜಾನೆಯದು, ಲಾಭ ತಮ್ಮದು ಎಂಬ ಲೆಕ್ಕ ಅಲ್ಲಿದ್ದದ್ದು. ಆದ್ದರಿಂದ ನನ್ನ ಮಾತನ್ನು ತಿದ್ದಿ ಹೇಳುತ್ತೇನೆ: ತಾನೂ ಪಾಲು ಹಾಕಿ, ಹಿಡಿತವನ್ನು ಬಿಟ್ಟುಕೊಡಲು ತಯಾರಾದ ಕೂಟ ಮಾತ್ರ ‘ಬೇಕು’ ಎಂದು ಕೇಳಿ ಗೆಲ್ಲುತ್ತದೆ. ಅಂಥ ಕೂಟ ಅಪರೂಪ.

ನಮ್ಮಲ್ಲಿಗೆ ಬಂದರೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಹುಟ್ಟಿದ ಮೈಸೂರು ಚೇಂಬರು ಇಂದು ರಾಜ್ಯದ ವಾಣಿಜ್ಯೋದ್ಯಮ ಮಹಾಸಂಸ್ಥೆ. ಹುಬ್ಬಳ್ಳಿಯ ಸಂಸ್ಥೆ 1928ರದು. ಇವರ ಬೇಡಿಕೆಗಳ ಪಟ್ಟಿಯಲ್ಲೂ ಅದೇ ಎರಡು ಬಗೆ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕು ಎಂಬುದು ಉತ್ತರ ಕರ್ನಾಟಕದ ವರ್ತಕರ ಹಳೆಯ ಕೂಗು, ಘಟ್ಟ ಇಳಿಸುವ ಆ ಹಳೆಯ ರಸ್ತೆಯದೇ ವಂಶದ್ದು. 1990ರ ದಶಕದ ಕೊನೆಗೆ ಮಂಜೂರಾಯಿತು, ಇನ್ನೂ ಆಗಿಲ್ಲ. ಕಾರಣ ವರ್ತಕರ ಒಡಕಲ್ಲ. ದಟ್ಟ ಕಾಡು, ವನ್ಯಜೀವಿಗಳ ದಾರಿ, ನ್ಯಾಯಾಲಯದ ಪ್ರಶ್ನೆ. ಆ ಪ್ರಶ್ನೆಗಳು ನ್ಯಾಯವಾದವೇ. ಆದರೆ ಮನವಿಗಳು ಸಾಗಿದಷ್ಟು ಕಾಲವೂ ಖರ್ಚಿನ ಪಾಲು ನಮ್ಮದೆಷ್ಟು, ಕಾಡಿನ ನಷ್ಟಕ್ಕೆ ಹೊಣೆ ಯಾರು ಎಂಬ ಮಾತಿಗಿಂತ ಕೇಂದ್ರ ಕೊಡಬೇಕು ಎಂಬ ಮಾತೇ ಜೋರಾಗಿ ಕೇಳಿದೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಂಪನಿಗಳ ಸಂಘ 2022ರಲ್ಲಿ ಒಂದು ದಿನದ ಮಳೆಯಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಗೆ ಪತ್ರ ಬರೆದಾಗಲೂ ಸುದ್ದಿಯಾದದ್ದು ನಷ್ಟದ ಅಂಕಿ. ಚರಂಡಿ, ರಾಜಕಾಲುವೆಗೆ ಯಾರ ಪಾಲು ಎಷ್ಟು ಎಂಬುದು ಸುದ್ದಿಯಾಗಲಿಲ್ಲ. ವಿದ್ಯುತ್ ದರದ ವಿಷಯ ಸ್ವಲ್ಪ ಬೇರೆ. 1999ರಲ್ಲಿ ರಚನೆಯಾದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿಗೆ ಮುಂಚೆ ಬಹಿರಂಗ ವಿಚಾರಣೆ ಮಾಡುತ್ತದೆ. ಚೇಂಬರಿನವರು ಆಕ್ಷೇಪ ಹೇಳಿದ ಅದೇ ಮೈಕಿನ ಮುಂದೆ ಪಂಪುಸೆಟ್ಟಿನ ರೈತ, ಮನೆಯ ಬಳಕೆದಾರ ಬಂದು ತಮ್ಮ ಮಾತು ಹೇಳುತ್ತಾರೆ. ಒಬ್ಬೊಬ್ಬರ ತಕರಾರು, ವಿದ್ಯುತ್ ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಎಲ್ಲ ಆದೇಶದಲ್ಲಿ ಅಚ್ಚಾಗುತ್ತದೆ. 2023ರಲ್ಲಿ ದರ ಏರಿದಾಗ ಹುಬ್ಬಳ್ಳಿಯ ಸಂಸ್ಥೆ ಜೂನ್ 22ರಂದು ಬಂದ್ ಕರೆ ಕೊಟ್ಟಿತು. ಹಾಗೆಂದು ಆದೇಶ ಅಳಿಯಲಿಲ್ಲ. ಕೈಗಾರಿಕೆ, ವಾಣಿಜ್ಯ ಬಳಕೆದಾರರ ದರ ಇಳಿದದ್ದು ಮುಂದಿನ ವರ್ಷ, ಆಯೋಗದ ಇನ್ನೊಂದು ಆದೇಶದಲ್ಲಿ, ಲೆಕ್ಕಪತ್ರ ಮುಂದಿಟ್ಟುಕೊಂಡು. ನಿಧಾನ, ಬೇಸರ ತರಿಸುವ ವ್ಯವಸ್ಥೆ ಎನ್ನಿ; ಎದುರಿನ ಕುರ್ಚಿ ಖಾಲಿ ಇರದಂತೆ ನೋಡಿಕೊಳ್ಳುವುದಂತೂ ಹೌದು.

ಇದಕ್ಕೆ ವ್ಯತಿರಿಕ್ತವಾದದ್ದು 2024ರ ಜುಲೈ ತಿಂಗಳ ಘಟನೆ. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ, ಇತರ ಉದ್ಯಮ ಸಂಘಟನೆಗಳು, ಹೆಸರಾಂತ ಉದ್ಯಮಿಗಳು ಒಂದೇ ದನಿಯಲ್ಲಿ ಬೇಡವೆಂದರು. ಕಂಪನಿಗಳು ಬೇರೆ ರಾಜ್ಯಕ್ಕೆ ಹೋದಾವು ಎಂಬ ಮಾತು ಬಂತು. ನೆರೆಯ ಆಂಧ್ರದ ಮಂತ್ರಿ ನಮ್ಮಲ್ಲಿಗೆ ಬನ್ನಿ ಎಂದು ಕರೆದೂ ಆಯಿತು. ಸಂಪುಟದ ಒಪ್ಪಿಗೆಯ ಸುದ್ದಿ ಬಂದು ಎರಡು ದಿನದೊಳಗೆ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಆ ಮಸೂದೆ ಸಂವಿಧಾನದ ಪರೀಕ್ಷೆಯಲ್ಲಿ ನಿಲ್ಲುತ್ತಿತ್ತೇ ಎಂಬ ಸಂಶಯ ನನಗೂ ಇದೆ. ಅದೇ ಬಗೆಯ ಹರಿಯಾಣದ ಕಾಯಿದೆಯನ್ನು ಅಲ್ಲಿನ ಹೈಕೋರ್ಟು 2023ರಲ್ಲಿ ಹೊಡೆದುಹಾಕಿತ್ತು. ಉದ್ಯಮಿಗಳ ವಾದ ಸರಿಯಿತ್ತೆಂದೇ ಇಟ್ಟುಕೊಳ್ಳೋಣ. ಆಗಲೂ ಉಳಿಯುವ ಮಾತೊಂದಿದೆ: ವಿಧಾನಮಂಡಲದ ಅಧಿವೇಶನ ಆ ಹೊತ್ತಿಗೆ ನಡೆಯುತ್ತಲೇ ಇತ್ತು, ಮಸೂದೆ ಅಲ್ಲಿ ಮಂಡನೆಯಾಗಲಿಲ್ಲ. ಕೆಲಸ ಸಿಗದ ಕನ್ನಡದ ಹುಡುಗ ಹುಡುಗಿಯರ ಪರವಾಗಿ ಎದ್ದು ನಿಲ್ಲಬೇಕಿದ್ದ ಶಾಸಕ ನಿಲ್ಲುವ ಸಂದರ್ಭವೇ ಬರಲಿಲ್ಲ. ಮಸೂದೆಯಲ್ಲಿನ ದೋಷ ಏನು, ಅದಕ್ಕೆ ಬದಲು ತರಬೇತಿಗೋ ಶಿಷ್ಯವೃತ್ತಿಗೋ ಉದ್ಯಮಗಳು ಕೊಡುವ ಪಾಲು ಎಷ್ಟು ಎಂದು ಕೇಳಲು ಶಾಸಕರಿಗೆ ಸದನದಲ್ಲಿ ಒಂದು ಗಂಟೆಯಾದರೂ ಸಿಗಬೇಕಿತ್ತು.